ಮೀಸೆಯಿಲ್ಲದ ಅಧ್ಯಕ್ಷ

ನನ್ನ ಸೂಜಿದಾರದ ಡಬ್ಬಿಯಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ಕತ್ತರಿಯಿದೆ. ಅಂಬಾಬಾಯಿಯ ದರ್ಶನಕ್ಕೆಂದು ಕೊಲ್ಹಾಪುರಕ್ಕೆ ಹೋದಾಗ ಗುಡಿಯ ಹಿಂದಿನ ಓಣಿಯಲ್ಲಿ ಕೊಂಡದ್ದು. ಕೊಂಡವಳು ನಾನಲ್ಲ, ನಮ್ಮ ಮಾವನವರು, ಅದೂ ದಾರ ಕತ್ತರಿಸಲಿಕ್ಕಲ್ಲ, ಮೀಸೆ ತಿದ್ದಿಕೊಳ್ಳಲಿಕ್ಕೆ. ಅವರು ಹೋದ ಮೇಲೆ ಪಾಪ, ಅದು ಗುಂಡಿ ಹಚ್ಚುವ, ಹೊಲಿಗೆ ಬಿಚ್ಚುವ ಹೆಣ್ಣುಗೆಲಸಕ್ಕೆ ಇಳಿದಿದೆ. ನಿನ್ನೆ ಮುಂಜಾನೆ ನನ್ನ ಮಗ, ಮೂಗಿನ ಕೆಳಗೆ ಈಗಷ್ಟೇ ಕಪ್ಪು ಮೂಡಿದ ಹುಡುಗ, ಅಜ್ಜನ ಕತ್ತರಿ ಕೊಡು ಎಂದು ಕೇಳಿದ. ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂಬುದನ್ನು ಹೇಳಬೇಕಾದರೆ ಅಮೇರಿಕಾ ದೇಶದ ಒಬ್ಬ ಅಧ್ಯಕ್ಷನ ಕಥೆಯಿಂದ ಶುರುಮಾಡಬೇಕಾಗುತ್ತದೆ. ನಗಬೇಡಿರಿ. ಇಚಲಕರಂಜಿಯ ಮಗ್ಗದ ಓಣಿಯ ಹೆಂಗಸಿಗೂ ಅಮೇರಿಕಾದ ಅಧ್ಯಕ್ಷನಿಗೂ ಏನು ಸಂಬಂಧ ಎಂದು ನಾನೂ ಒಂದು ಕಾಲಕ್ಕೆ ನಕ್ಕವಳೇ.

ಆ ಅಧ್ಯಕ್ಷನ ಹೆಸರು ನಿಮಗೆಲ್ಲ ಗೊತ್ತಿದೆ. ಮರದ ದಿಮ್ಮಿಯ ಗುಡಿಸಲಿನಲ್ಲಿ ಹುಟ್ಟಿ, ಒಲೆಯ ಬೆಳಕಿನಲ್ಲಿ ಓದಿ, ವಕೀಲನಾಗಿ, ಕಡೆಗೆ ದೇಶಕ್ಕೇ ಯಜಮಾನನಾಗಿ, ಗುಲಾಮರ ಬೇಡಿ ಕಳಚಿ, ನಾಟಕ ನೋಡುತ್ತ ಕೂತಲ್ಲೇ ಗುಂಡು ತಿಂದು ಸತ್ತವನು. ನಾನು ಮಾತ್ರ ಅವನ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಒಂದು ವರ್ಷದಷ್ಟು ಕಾಲ ಊರೆಲ್ಲ ನನ್ನ ಗಂಡನನ್ನು ಆ ಹೆಸರಿನಿಂದಲೇ ಕರೆದದ್ದರಿಂದ ಅದೂ ನನ್ನ ನಾಲಿಗೆಗೆ ನಿಷಿದ್ಧವಾಗಿಬಿಟ್ಟಿತು.

ಮೊದಲು ಮಾವನವರ ಮಾತು. ರಬಕವಿ ಕಡೆಯ ನೇಕಾರರು, ಕುಣಿಮಗ್ಗದ ಮೇಲೆ ಇಳಕಲ್ ಸೆರಗು ತೆಗೆಯುತ್ತಿದ್ದ ಕೈ. ಕೈಮಗ್ಗ ಹೊಟ್ಟೆಗೆ ಸಾಲದಾದಾಗ ಒಬ್ಬನೇ ಮಗನನ್ನು ಕರೆದುಕೊಂಡು ಇಚಲಕರಂಜಿಗೆ ಬಂದು, ಅವನನ್ನು ಮೀಸೆ ಮೂಡುವ ಮುಂಚೆಯೇ ಕಬನೂರಿನ ಪವರ್‌ಲೂಮಿನ ಮುಂದೆ ನಿಲ್ಲಿಸಿದರು. ಆ ಖಟಖಟ ಸದ್ದಿನಲ್ಲಿ ಅವರ ಕಸುಬು ಮುಳುಗಿಹೋಯಿತು. ಉಳಿದ ಐಶ್ವರ್ಯವೆಂದರೆ ಮೀಸೆ ಒಂದೇ. ದಿನಾ ಮುಂಜಾನೆ ಹೊಸ್ತಿಲ ಮೇಲೆ ಕೂತು, ಕನ್ನಡಿಯನ್ನು ಮೊಣಕಾಲಿಗೆ ಆನಿಸಿ, ಈ ಕತ್ತರಿಯಿಂದ ಒಂದೊಂದೇ ಕೂದಲನ್ನು ಸರಿಮಾಡುತ್ತಿದ್ದರು. ಆಮೇಲೆ ಮಗನನ್ನು ಕರೆದು, ಮದುವೆಯಾಗಿ ಮಗುವಿನ ತಂದೆಯಾದ ಮಗನನ್ನು, ಗದ್ದ ಹಿಡಿದು ಎತ್ತಿ ಅವರ ಮೀಸೆಯನ್ನೂ ತಿದ್ದುತ್ತಿದ್ದರು. ಅಪ್ಪ ಮಗನ ನಡುವೆ ಅದಕ್ಕಿಂತ ಹೆಚ್ಚಿನ ಸಲಿಗೆಯನ್ನು ನಾನು ಕಾಣೆ. ಮಾತು ಕಡಿಮೆ, ಕತ್ತರಿಯದೇ ಕಿಚಕಿಚ.

ನಮ್ಮ ಮಂದಿಯಲ್ಲಿ ಮೀಸೆಯೆಂದರೆ ಬರೀ ಕೂದಲಲ್ಲ. ತಂದೆ ಬದುಕಿರುವ ತನಕ ಮಗ ಮೀಸೆ ತೆಗೆಯುವಂತಿಲ್ಲ. ತಂದೆ ತೀರಿದ ದಿನ ಹಡಪದವನು ಬಂದು ಅದನ್ನು ಬೋಳಿಸುತ್ತಾನೆ. ಬೋಳು ತುಟಿಯ ಗಂಡಸು ಸಂತೆಯಲ್ಲಿ ಎದುರಾದರೆ, ಯಾವಾಗ ಹೋದರು, ಏನಾಗಿತ್ತು ಎಂದು ಗುರುತಿಲ್ಲದವರೂ ನಿಂತು ಕೇಳುತ್ತಾರೆ. ಹಾಗೆ ನೋಡಿದರೆ ಮಗನ ಮುಖದಲ್ಲಿರುವುದು ಅಪ್ಪನ ಆಯುಷ್ಯ.

ಇನ್ನು ನಮ್ಮನೆಯವರ ಹುಚ್ಚು ನಾಟಕ. ಕಬನೂರಿನ ಮಗ್ಗದ ಮಂದಿ ಸೇರಿ ಪ್ರತಿ ವರ್ಷ ಗಣಪತಿಗೆ ಒಂದು ನಾಟಕ ಆಡುತ್ತಿದ್ದರು. ಎಪ್ಪತ್ತರ ದಶಕದ ಆ ವರ್ಷ ರಾಜ-ರಾಕ್ಷಸರು ಬೇಸರಾಗಿ ಹೊಸದೇನಾದರೂ ಬೇಕೆಂದರು. ನನ್ನ ತವರು ಗಡಹಿಂಗ್ಲಜದ ಒಬ್ಬ ಮಾಸ್ತರರು, ಮರಾಠಿಯಲ್ಲಿ ಲೆಕ್ಕ ಕಲಿಸಿ ಕನ್ನಡದಲ್ಲಿ ನಾಟಕ ಬರೆಯುವ ಸಾಧು ಮನುಷ್ಯರು, ಆ ಅಧ್ಯಕ್ಷನ ಬಾಳನ್ನು ನಾಲ್ಕು ಅಂಕಗಳಲ್ಲಿ ಕೂಡಿಸಿಕೊಟ್ಟರು. ಎತ್ತರದ ಆಳು, ಗುಳಿಬಿದ್ದ ಗಲ್ಲ, ಯಾವಾಗಲೂ ಯಾವುದೋ ದುಃಖ ನುಂಗಿಕೊಂಡ ಹಾಗಿರುವ ಕಣ್ಣು; ಪಾತ್ರ ನಮ್ಮನೆಯವರಿಗೆ ತಾನಾಗಿಯೇ ಬಂತು. ಕುಸ್ತಿಯ ತಾಲೀಮು ಮನೆಯಲ್ಲೇ ನಾಟಕದ ತಾಲೀಮೂ ನಡೆಯಿತು. ಆ ಅಧ್ಯಕ್ಷ ಹರೆಯದಲ್ಲಿ ಪೈಲವಾನನೂ ಆಗಿದ್ದನಂತೆ. ಸರಿ, ಕೊಲ್ಹಾಪುರದ ಸೀಮೆಯ ಮಂದಿಗೆ ಅಷ್ಟು ಸಿಕ್ಕರೆ ಕೇಳಬೇಕೆ? ಗುಲಾಮಗಿರಿ ಆಮೇಲೆ ನೋಡೋಣ, ಮೊದಲು ಕುಸ್ತಿ ಚೆನ್ನಾಗಿ ಆಗಲಿ ಎಂದು ಅಂಕವನ್ನೇ ಉದ್ದ ಮಾಡಿಸಿದರು.

ತೊಡಕು ಬಂದದ್ದು ಗಡ್ಡದಿಂದ. ಚುನಾವಣೆಯ ಕಾಲಕ್ಕೆ ಒಬ್ಬ ಪುಟ್ಟ ಹುಡುಗಿ, ನಿಮ್ಮ ಮುಖ ಬಡಕಲು, ಗಡ್ಡ ಬಿಟ್ಟರೆ ಚಂದ ಕಾಣುತ್ತೀರಿ ಎಂದು ಬರೆದಳಂತೆ, ಅಂಥ ದೊಡ್ಡ ಮನುಷ್ಯ ಆ ಕೂಸಿನ ಮಾತು ಕೇಳಿ ಗಡ್ಡ ಬಿಟ್ಟನಂತೆ. ಬಿಟ್ಟವನು ಮೀಸೆಯನ್ನೂ ಬಿಡಬಾರದಿತ್ತೇ! ಮಾಸ್ತರರು ತಂದ ಚಿತ್ರದಲ್ಲಿ ಕೆಳಗೆ ದಟ್ಟ ಗಡ್ಡ, ಮೇಲೆ ಬೋಳು ತುಟಿ. ಕೂದಲಿನ ಗಡ್ಡ ಅಂಟಿಸುವುದು ಸುಲಭ. ಇದ್ದ ಮೀಸೆಯನ್ನು ಮುಚ್ಚುವುದು ಹೇಗೆ? ಸಾಬೂನು ಮೆತ್ತಿ ಮೇಲೆ ಬಣ್ಣ ಬಳಿದು ನೋಡಿದರು. ಬೆವರಿಗೆ ಕರಗಿ ಇಳಿದು, ದೇಶದ ಅಧ್ಯಕ್ಷ ಶೀತವಾದ ಹುಡುಗನ ಹಾಗೆ ಕಂಡ. ಇರಲಿ ಬಿಡಪ್ಪ, ಮೀಸೆ ಇದ್ದರೆ ಯಾರು ಕೇಳುತ್ತಾರೆ ಎಂದು ಮಾಸ್ತರರೇ ಹೇಳಿದರು. ನಮ್ಮನೆಯವರು ಒಪ್ಪಲಿಲ್ಲ. ಹುಟ್ಟಿದಾಗಿನಿಂದ ಅಪ್ಪ ಹೇಳಿದಲ್ಲಿ ನಿಂತು, ಅಪ್ಪ ಹೇಳಿದಲ್ಲಿ ಕೂತ ಮನುಷ್ಯ, ಒಂದು ಕೆಲಸವನ್ನಾದರೂ ತನ್ನ ಮನಸ್ಸಿಗೆ ಬಂದಂತೆ ಪೂರ್ತಿ ಮಾಡಬೇಕೆಂದುಕೊಂಡರೋ ಏನೋ. ನಾಟಕದ ದಿನ ಮುಂಜಾನೆ ಹೊರಗೆ ಹೋಗಿ ಮೀಸೆ ತೆಗೆಸಿಕೊಂಡು ಬಂದರು.

ಮಾವನವರು ಹೊಸ್ತಿಲ ಮೇಲೆ ಕೂತಿದ್ದರು, ಕೈಯಲ್ಲಿ ಕತ್ತರಿ. ಮಗನನ್ನು ಕರೆಯಲೆಂದು ತಲೆ ಎತ್ತಿದವರು ನೋಡಿದರು. ಕತ್ತರಿಯನ್ನು ಮಡಿಲಲ್ಲಿ ಇಟ್ಟರು. ಆಮೇಲೆ ಸಿಟ್ಟಿಲ್ಲದೆ, ಮೆಲ್ಲಗೆ ಕೇಳಿದರು.

"ನನ್ನ ಸುಟ್ಟ ಬಂದ್ಯೇನಪಾ?"

ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ಪಾಡಿತ್ತು. ಅವರು ಮಗನೊಡನೆ ಆಡಿದ ಕಡೆಯ ಮಾತು ಅದು. ಅವತ್ತಿನಿಂದ ಒಂದೇ ಪಡಸಾಲೆಯಲ್ಲಿ ಕೂತು ಇಬ್ಬರೂ ನನ್ನ ಮೂಲಕ ಮಾತಾಡಿದರು. ಅವಗ ಹೇಳವಾ, ಸೂರು ಸೋರಾಕತ್ತೈತಿ. ಅಪ್ಪಗ ಹೇಳು, ಐತವಾರ ಸುಟ್ಟಿ ಐತಿ, ಹೊದಿಸ್ತೀನಿ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿತ್ತು, ಆದರೂ ನಾನು ಹೇಳಬೇಕು. ಮಗ್ಗದ ಲಾಳಿಯಾದರೂ ಅತ್ತಿಂದಿತ್ತ ಓಡಾಡಿ ಒಂದು ಬಟ್ಟೆ ನೇಯುತ್ತದೆ. ನಾನು ಓಡಾಡಿ ನೇಯ್ದದ್ದು ಏನೂ ಇಲ್ಲ.

ನಾಟಕವೇನೋ ಗೆದ್ದಿತು. ಮೂರನೆಯ ಅಂಕದಲ್ಲಿ ಅಧ್ಯಕ್ಷ ಕೈಯೆತ್ತಿ, ಇಂದಿನಿಂದ ನೀವು ಯಾರ ಆಳೂ ಅಲ್ಲ ಎಂದಾಗ, ಕೊರೋಚಿಯಿಂದ ಬಂದ ನೇಕಾರರು, ಶಿರೋಳಿಯ ಫೌಂಡ್ರಿಗಳಿಂದ ಮೈಯೆಲ್ಲ ಕರಿ ಮಾಡಿಕೊಂಡು ಬಂದ ಹುಡುಗರು ಎದ್ದು ನಿಂತುಬಿಡುತ್ತಿದ್ದರು. ಕೆಲವರು ಅತ್ತದ್ದನ್ನೂ ಕಂಡಿದ್ದೇನೆ. ಮರುದಿನ ಮುಂಜಾನೆ ಗಿರಣಿಯ ಭೋಂಗಾ ಕೂಗಿದೊಡನೆ ಅವರೆಲ್ಲ ತಮ್ಮ ತಮ್ಮ ಪಾಳಿಗೆ ಹೋಗಿ ನಿಲ್ಲುತ್ತಿದ್ದರು, ಬಿಡುಗಡೆ ಮಾಡಿದ ಅಧ್ಯಕ್ಷನೂ ಅವರ ಜೊತೆಗೇ. ಒಂದು ಮಹಾಜೀವನದಿಂದ ನಮಗೆ ದಕ್ಕುವುದು ಇಷ್ಟೇ ಏನೋ, ಒಂದು ಸಂಜೆ ಎದ್ದು ನಿಲ್ಲುವಷ್ಟು. ಬೇರೆ ಊರುಗಳಿಂದ ಕರೆ ಬಂದವು. ಪ್ರತಿ ಪ್ರಯೋಗಕ್ಕೂ ಮುನ್ನ, ಬೆಳೆದ ಅಷ್ಟಿಷ್ಟು ಮೀಸೆಯನ್ನು ಮತ್ತೆ ತೆಗೆಯಬೇಕು. ಗಡಹಿಂಗ್ಲಜದ್ದೇ ಕಡೆಯದು, ಆಮೇಲೆ ಬೆಳೆಸಿ ಅಪ್ಪನ ಮುಂದೆ ಹೋಗಿ ಕೂಡುತ್ತೇನೆ, ಅವರೇ ತಿದ್ದಲಿ ಎಂದು ನಮ್ಮನೆಯವರು ನನಗೆ ಮಾತು ಕೊಟ್ಟಿದ್ದರು.

ಗಡಹಿಂಗ್ಲಜಕ್ಕೆ ಅವರು ಹೋದ ದಿನವೇ ಮಾವನವರ ಉಸಿರು ಕೆಟ್ಟಿತು. ವರ್ಷಾನುಗಟ್ಟಲೆ ಅರಳೆಯ ಧೂಳು ಕುಡಿದ ಎದೆ. ಡಾಕ್ಟರರು ನೋಡಿ, ಮಗನನ್ನು ಕರೆಸಿರಿ ಎಂದರು. ಗುರುತಿನ ಎಸ್.ಟಿ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದೆ. ಸುದ್ದಿ ಮಧ್ಯಾಹ್ನವೇ ಮುಟ್ಟಿತು. ತಿರುಗಿ ಬರಲು ಬಸ್ಸೂ ಇತ್ತು. ಅವರು ಬರಲಿಲ್ಲ. ಮಂದಿ ಕೂಡಿದೆ ಎಂಬುದು ನೆಪ. ನಿಜವನ್ನು ಆಮೇಲೊಂದು ದಿನ ಅವರೇ ಹೇಳಿದರು: ಈ ಬೋಳು ಮುಖ ಹೊತ್ತು ಎದುರಿಗೆ ಹೋದರೆ ಅಪ್ಪನಿಗೆ ಇನ್ನಷ್ಟು ಸಂಕಟ, ನಾಳೆ ಹೋದರಾಯಿತು ಎಂದುಕೊಂಡರಂತೆ.

ಇಲ್ಲಿ ಮಾವನವರು ದೀಪ ಹಚ್ಚುವ ಹೊತ್ತಿಗೆ ಕಣ್ಣು ತೆರೆದು ನನ್ನ ಕೈ ಹಿಡಿದರು.

"ಅವಗ ಮೀಸಿ ಬಂದೈತೇನವಾ?"

"ಬರಾಕತ್ತೈತ್ರಿ ಮಾವಾರ," ಎಂದೆ.

ಅವರ ಮುಖದಲ್ಲಿ ಏನೋ ಸಡಿಲಾಯಿತು. ಅದು ಸಮಾಧಾನವೇ ಆಗಿತ್ತೆಂದು ನಾನು ನಂಬಿಕೊಂಡಿದ್ದೇನೆ, ನಂಬದೆ ಇನ್ನೇನು ಮಾಡಲಿ. ಅಲ್ಲಿ ಗಡಹಿಂಗ್ಲಜದಲ್ಲಿ ಅವರ ಮಗ ಆಗ ಗಡ್ಡ ಅಂಟಿಸಿಕೊಳ್ಳುತ್ತಿದ್ದರು. ಅವತ್ತೂ ಅಧ್ಯಕ್ಷ ಕಡೆಯ ಅಂಕದಲ್ಲಿ ಗುಂಡು ತಿಂದು ಸತ್ತ, ಪರದೆ ಬಿದ್ದ ಮೇಲೆ ಎದ್ದು ಕೂತು ಬೀಡಿ ಹಚ್ಚಿದ. ಮಾವನವರು ಏಳಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಬಂದವರ ಗಲ್ಲದ ಮೇಲೆ ಅಂಟಿನ ಕಲೆ ಇನ್ನೂ ಹಾಗೇ ಇತ್ತು. ಅಂಗಳದಲ್ಲಿ ಕೂಡಿಸಿದರು. ಹಡಪದವನು, ನಮ್ಮ ಓಣಿಗೆ ಹೊಸಬ, ತಲೆ ಬೋಳಿಸಿದ. ಆಮೇಲೆ ಪದ್ಧತಿಯಂತೆ ನೀರು ಮುಟ್ಟಿಸಿ ಮೇಲ್ತುಟಿ ಒದ್ದೆ ಮಾಡಿದ, ಕತ್ತಿ ಎತ್ತಿದ, ನಿಂತ. "ಇಲ್ಲೇನೂ ಇಲ್ಲರಿ," ಎಂದ. ಕೂತ ಹಿರಿಯರಲ್ಲಿ ಯಾರೋ ಶಾಸ್ತ್ರಕ್ಕೊಮ್ಮೆ ಆಡಿಸು ಎಂದರು. ಅವನು ಬರಿದಾದ ತುಟಿಯ ಮೇಲೆ ಕತ್ತಿ ಆಡಿಸಿದ. ಅಪ್ಪನಿಗೆಂದು ಮಗ ಕೊಡಬೇಕಾದದ್ದು ಅದೊಂದೇ ಆಗಿತ್ತು, ಅದನ್ನು ಅವರು ಮೊದಲೇ ಬೇರೆ ಯಾರಿಗೋ ಕೊಟ್ಟು ಮುಗಿಸಿದ್ದರು. ಅಂಗಳದ ತುಂಬ ಮಂದಿಯ ನಡುವೆ ನನ್ನ ಗಂಡ ಒಂದು ಕೂಸಿನ ಹಾಗೆ ಅತ್ತರು, ಮತ್ತು ನನಗೆ, ಹೇಳಿಬಿಡುತ್ತೇನೆ, ಅವರ ಮೇಲೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು.

ಕೆಲವು ತಿಂಗಳ ಮೇಲೆ ಮಾಸ್ತರರು ಮಾತಾಡಿಸಲು ಬಂದರು. ಚಹಾ ಕೊಟ್ಟು, ಯಾಕೋ ತಡೆಯಲಾರದೆ ಕೇಳಿದೆ, ನಿಮ್ಮ ಅಧ್ಯಕ್ಷನಿಗೆ ಅಪ್ಪ ಇದ್ದನೇನ್ರಿ, ನಾಟಕದಲ್ಲಿ ಅವನ ಸುಳಿವೇ ಇಲ್ಲವಲ್ಲ ಎಂದು. ಅವರು ಚಹಾದ ಬಸಿಯತ್ತ ನೋಡುತ್ತ ಹೇಳಿದರು. ಇದ್ದ. ಮಗನನ್ನು ಬೇರೆಯವರ ಹೊಲಕ್ಕೆ ದುಡಿಯಲು ಕಳಿಸಿ, ಕೂಲಿಯನ್ನು ತಾನೇ ಇಸಿದುಕೊಳ್ಳುತ್ತಿದ್ದ. ಇಬ್ಬರಿಗೂ ಕೂಡಿಬರಲೇ ಇಲ್ಲ. ಅಪ್ಪ ಸಾಯಲು ಬಿದ್ದಾಗ, ಬಾ ಎಂದು ಮನೆಯವರು ಬರೆದರು. ಈಗ ನಾವು ಭೇಟಿಯಾದರೆ ಇಬ್ಬರಿಗೂ ಸುಖಕ್ಕಿಂತ ನೋವೇ ಹೆಚ್ಚಾದೀತು ಎಂಬ ಅರ್ಥದಲ್ಲಿ ಉತ್ತರ ಬರೆದು, ಅವನು ಹೋಗಲಿಲ್ಲ. ಮಣ್ಣಿಗೂ ಹೋಗಲಿಲ್ಲ. ಆಗಿನ್ನೂ ಅವನಿಗೆ ಗಡ್ಡವಿರಲಿಲ್ಲ, ಮುಖ ಪೂರಾ ಬೋಳು.

"ಇದನ್ನ ನಾಟಕದಾಗ ಯಾಕ ಹಾಕಲಿಲ್ರೀ?" ಎಂದೆ.

"ಹಾಕಿದ್ರ ಮಂದಿ ಎದ್ದು ನಿಂದರ್ತಿದ್ದಿಲ್ಲವಾ," ಎಂದರು ಮಾಸ್ತರರು. ಚಹಾ ಹಾಗೇ ಉಳಿಯಿತು.

ಆಗಿನಿಂದ ಯೋಚಿಸುತ್ತಲೇ ಇದ್ದೇನೆ ಗೆಳೆಯರೇ. ಲಕ್ಷಾಂತರ ಮಂದಿಯ ಸಂಕೋಲೆ ಕಳಚಿದ ಕೈಗೆ ತನ್ನ ಮನೆಯ ಒಂದು ಗಂಟು ಬಿಚ್ಚಲಾಗಲಿಲ್ಲ. ದೊಡ್ಡವರ ಬಾಳನ್ನು ನಾವು ನಾಲ್ಕು ಅಂಕಕ್ಕೆ ಕತ್ತರಿಸಿಕೊಳ್ಳುತ್ತೇವೆ. ಕುಸ್ತಿ ಇಟ್ಟುಕೊಳ್ಳುತ್ತೇವೆ, ಬಿಡುಗಡೆ ಇಟ್ಟುಕೊಳ್ಳುತ್ತೇವೆ, ಎಚ್ಚರಿಸಬಹುದಾಗಿದ್ದ ಭಾಗವನ್ನೇ ಬಿಸಾಕುತ್ತೇವೆ. ಇಟ್ಟುಕೊಂಡಿದ್ದರೂ ನಮ್ಮನೆಯವರು ಆ ಮಧ್ಯಾಹ್ನದ ಬಸ್ಸು ಹತ್ತುತ್ತಿದ್ದರೆಂಬ ಭರವಸೆ ನನಗಿಲ್ಲ. ಯಾರ ಬದುಕೂ ಯಾರನ್ನೂ ಉಳಿಸುವುದಿಲ್ಲ. ಸಮುದ್ರದ ಆಚೆಯವನು ಮಾಡಿದ ತಪ್ಪನ್ನು, ಅದರ ಗಾಳಿಯೂ ಸೋಕದೆ, ಅದೇ ಕಾರಣ ಹೇಳಿಕೊಂಡು ನನ್ನ ಗಂಡ ಗಡಹಿಂಗ್ಲಜದಲ್ಲಿ ಮಾಡಿದರು. ಹಾಗಾದರೆ ಪುಸ್ತಕವೇಕೆ, ನಾಟಕವೇಕೆ, ಚಪ್ಪಾಳೆಯೇಕೆ?

ನಮ್ಮನೆಯವರು ಮತ್ತೆ ಬಣ್ಣ ಹಚ್ಚಲಿಲ್ಲ, ಮೀಸೆಯನ್ನೂ ಬಿಡಲಿಲ್ಲ. ಪಾಳಿಗೆ ಹೋಗುತ್ತಾರೆ, ಬರುತ್ತಾರೆ, ದಿನಾ ತುಟಿ ಬೋಳಿಸಿಕೊಳ್ಳುತ್ತಾರೆ. ಮಗನಿಗೆ ಹದಿನಾರು ಹದಿನೇಳಾಯಿತು, ಇಲ್ಲಿಯ ತನಕ ಅವನೊಡನೆ ನೆಟ್ಟಗೆ ಮಾತಾಡಿದ್ದನ್ನೂ ನಾನು ಹೆಚ್ಚು ಕಂಡಿಲ್ಲ. ನಿನ್ನೆ ಮುಂಜಾನೆ ಮಗ ಕತ್ತರಿ ಕೇಳಿದ್ದು ಅವರ ಕಿವಿಗೂ ಬಿತ್ತು. ಹುಡುಗ ಎದುರಿಗೇ ನಿಂತಿದ್ದ. ಅವರು ಅವನತ್ತ ನೋಡಲಿಲ್ಲ, ನನ್ನನ್ನು ನೋಡಿ ಹೇಳಿದರು.

"ಅವಗ ಹೇಳು, ಮೀಸಿ ತಗೀಲಿ. ಅವನಪ್ಪ ಅವತ್ತ ಗಡಹಿಂಗ್ಲಜದಾಗ ಸತ್ತಾನ."

ಮಗ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಲಿಲ್ಲ. "ಅಪ್ಪಗ ಹೇಳು, ನಾ ತಗಿಯೂದಿಲ್ಲ," ಎಂದು ಹೊರಗೆ ನಡೆದ. ಇಬ್ಬರಿಗೂ ಎಲ್ಲವೂ ಕೇಳಿಸಿತ್ತು. ಆದರೂ ನಮ್ಮನೆಯವರು ಕಾಯುತ್ತ ಕೂತಿದ್ದರು, ನಾನು ಹೇಳಬೇಕಿತ್ತು.

"ತಗೀತಾನಂತ್ರಿ," ಎಂದೆ, ಮಾವನವರಿಗೆ ಅಂದು ಹೇಳಿದ ಹಾಗೆಯೇ.

ಅಪ್ಪನ ಕೈಯಿಂದಲೇ ಮಗನಿಗೆ ಸಿಗಬೇಕಾದ ಕತ್ತರಿಯನ್ನು ಡಬ್ಬಿಯಲ್ಲಿ ದಾರದುಂಡೆಗಳ ಕೆಳಗೆ ಇಟ್ಟು ಮುಚ್ಚಳ ಹಾಕಿದೆ.