ಹರಾಜಿಗೆ ಮುಂಚಿನ ವಾರಗಳು

ಮಹಿಳಾ ಕ್ರಿಕೆಟ್ ಲೀಗಿನ ಹರಾಜು ಪಟ್ಟಿಯಲ್ಲಿ ಮಗಳ ಹೆಸರು ಬಂದಿದೆ ಎಂದು ನನ್ನ ಗಂಡ ಫೋನ್ ಮಾಡಿದಾಗ ನಾನು ಸಂಭಾಜಿನಗರದ ಬ್ಯಾಂಕಿನಲ್ಲಿ ಒಬ್ಬ ವೃದ್ಧರ ಹೆಬ್ಬೆರಳನ್ನು ಪಿಂಚಣಿ ಯಂತ್ರದ ಮೇಲೆ ಒತ್ತಿ ಹಿಡಿದಿದ್ದೆ. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಕೇಳಿದೆ.

"ಬಂದದ. ಎರಡು ಸಲ ಓದೀನಿ. ಕೀಪರ್‌ಗಳ ಪಟ್ಟಿಯೊಳಗ ಅದ," ಅಂದರು.

"ಆಕೀಗೆ ಹೇಳಿದ್ರಿ?"

"ಆಕೀನೇ ನನಗ ಹೇಳ್ಯಾಳ."

ನಾವು ಕಲಬುರಗಿ ಕಡೆಯವರು. ಗಂಡನದು ನಾಶಿಕದಲ್ಲಿ ಬೇಳೆಕಾಳಿನ ಅಂಗಡಿ. ಮಗಳು ಹುಟ್ಟಿ ಬೆಳೆದದ್ದು ಅಲ್ಲೇ. ನನಗೆ ಎರಡು ವರ್ಷದ ಹಿಂದೆ ಸಂಭಾಜಿನಗರಕ್ಕೆ ವರ್ಗವಾಯಿತು. ಅಂಗಡಿ ಬಿಟ್ಟು ಅವರು ಬರುವಂತಿರಲಿಲ್ಲ, ಮೈದಾನ ಬಿಟ್ಟು ಅವಳು ಬರುವಂತಿರಲಿಲ್ಲ. ನಾನೊಬ್ಬಳೇ ಒಂದು ಕೋಣೆ ಹಿಡಿದು, ಶನಿವಾರ ಬಸ್ಸು ಹತ್ತಿ ಹೋಗಿ ಸೋಮವಾರ ನಸುಕಿಗೆ ಹೊರಟು ಬರುವುದು ರೂಢಿಯಾಯಿತು. ರಜೆಯಿಲ್ಲದ ಶನಿವಾರಗಳಲ್ಲಿ ಅದೂ ಇಲ್ಲ.

ಮಗಳಿಗೆ ಇಪ್ಪತ್ತು. ಹನ್ನೆರಡನೆಯ ವಯಸ್ಸಿನಿಂದ ವಿಕೆಟ್ ಕೀಪರ್, ಮೂರು ವರ್ಷದಿಂದ ಜಿಲ್ಲಾ ತಂಡದ ನಾಯಕಿ. ಮೈದಾನದಲ್ಲಿ ಉಳಿದ ಹತ್ತು ಜನರೂ ಒಂದು ಕಡೆ ನೋಡಿದರೆ ಕೀಪರ್ ಒಬ್ಬಳೇ ಅವರೆಲ್ಲರಿಗೆ ಎದುರಾಗಿ ಕೂತಿರುತ್ತಾಳೆ. ಯಾರು ದಣಿದಿದ್ದಾರೆ, ಯಾರು ಹೆದರಿದ್ದಾರೆ, ಯಾರ ಕಾಲು ತಪ್ಪು ಜಾಗದಲ್ಲಿದೆ ಎನ್ನುವುದು ಅವಳಿಗೆ ಕಾಣುತ್ತದೆ. ಹಾಗೆ ಕಂಡದ್ದನ್ನು ತಡೆದುಕೊಳ್ಳದೆ ಹೇಳಿಬಿಡುವುದು ಅವಳ ಗುಣವೋ ದೋಷವೋ ನನಗೆ ಇವತ್ತಿಗೂ ತಿಳಿದಿಲ್ಲ.

ಪಟ್ಟಿ ಬರುವುದಕ್ಕೆ ಎರಡು ತಿಂಗಳ ಮುಂಚೆ ಸಂಭಾಜಿನಗರದಲ್ಲೇ ಜಿಲ್ಲೆಗಳ ನಡುವಿನ ಒಂದು ಫೈನಲ್ ನಡೆದಿತ್ತು. ನಾನು ಅರ್ಧ ದಿನ ರಜೆ ಹಾಕಿ ಹೋಗಿ ಸಿಮೆಂಟಿನ ಮೆಟ್ಟಿಲ ಮೇಲೆ ಕೂತಿದ್ದೆ. ಎದುರು ತಂಡಕ್ಕೆ ಇನ್ನು ಸ್ವಲ್ಪವೇ ರನ್ ಬೇಕಿತ್ತು. ನಮ್ಮ ತಂಡದ ಉಪನಾಯಕಿ, ಚಾಂದವಡ್‌ನ ಹುಡುಗಿ, ಸ್ಪಿನ್ ಹಾಕುತ್ತಿದ್ದಳು. ಮಗಳು ಅವಳಿಗಾಗಿ ತನ್ನ ಮಗ್ಗುಲಲ್ಲೇ, ಸ್ಲಿಪ್ಪಿನಲ್ಲಿ, ಕ್ಯಾಚಿಗೆಂದು ಒಬ್ಬಳನ್ನು ನಿಲ್ಲಿಸಿದ್ದಳು. ಕೋಚ್‌ಗೆ ಎಲ್ಲರೂ ರನ್ ತಡೆಯಲು ಬೌಂಡರಿ ಗೆರೆಯ ಹತ್ತಿರ ಹೋಗಬೇಕೆಂದಿತ್ತು. ಎರಡು ಸಲ ಕೂಗಿದರು. ಇವಳು ತಿರುಗಿಯೂ ನೋಡದೆ ಕೈಯೆತ್ತಿ, ತಡೆಯಿರಿ ಎಂಬಂತೆ ತೋರಿಸಿದಳು. ನೀರಿನ ವಿರಾಮದಲ್ಲಿ ಕೋಚ್ ಒಳಗೆ ಬಂದು, ಇನ್ನು ಮುಂದೆ ಉಪನಾಯಕಿಯೇ ತಂಡ ನಡೆಸಲಿ ಎಂದರಂತೆ. ಮಗಳು ಎರಡೂ ಗ್ಲೌಸುಗಳನ್ನು ಕಿತ್ತು ನೆಲಕ್ಕೆ ಒಗೆದದ್ದನ್ನು ನಾನು ಮೆಟ್ಟಿಲ ಮೇಲಿಂದ ಕಂಡೆ. ಒಂದು ಗ್ಲೌಸು ಪುಟಿದು ಉಪನಾಯಕಿಯ ಮುಖಕ್ಕೆ ತಾಗಿದ್ದು ನನಗೆ ಕಾಣಲಿಲ್ಲ. ಅದು ಕಂಡದ್ದು ಎದುರು ಬದಿಯಲ್ಲಿ ಫೋನ್ ಹಿಡಿದು ನಿಂತಿದ್ದ ಯಾರಿಗೋ.

ಪಂದ್ಯ ಸೋತರು. ಆ ದಿನ ನನ್ನ ಕೋಣೆಗೆ ಬಂದವಳು ಊಟ ಮಾಡಿ ಮಲಗಿಬಿಟ್ಟಳು. ಸೋತ ಬೇಸರವೆಂದುಕೊಂಡು ನಾನೂ ಕೆದಕಲಿಲ್ಲ.

ಹರಾಜು ಪಟ್ಟಿ ಬಂದ ನಾಲ್ಕನೇ ದಿನ ಆ ವಿಡಿಯೋ ಹೊರಗೆ ಬಿತ್ತು. ಹನ್ನೆರಡು ಸೆಕೆಂಡಿನದು. ಕೈಯೆತ್ತಿ ತೋರಿಸಿದ್ದು, ಗ್ಲೌಸು ಒಗೆದದ್ದು, ಆ ಹುಡುಗಿ ಕೆನ್ನೆ ಹಿಡಿದುಕೊಂಡದ್ದು. ಕೋಚ್ ಮಾತಾಡಿದ್ದು ಅದರಲ್ಲಿರಲಿಲ್ಲ. ನಾಶಿಕದ ಒಂದು ಯೂಟ್ಯೂಬ್ ಚಾನೆಲ್ಲು ಅದನ್ನು ತಿರುಗಿಸಿ ತಿರುಗಿಸಿ ತೋರಿಸಿ, ಆಟ ಇದ್ದರೆ ಸಾಕೇ, ಸಂಸ್ಕಾರ ಬೇಡವೇ ಎಂದು ಕೇಳಿತು. ಮರುದಿನ ಒಂದು ಮರಾಠಿ ಪತ್ರಿಕೆ, ತಂಡಗಳು ಈಕೆಯ ನಡತೆಯ ಬಗ್ಗೆ ವಿಚಾರಿಸುತ್ತಿವೆ ಎಂದು ಬರೆಯಿತು. ಹೇಳಿದವರು ಯಾರೆಂದು ಇರಲಿಲ್ಲ. 'ತಂಡಕ್ಕೆ ಹತ್ತಿರದವರು' ಎಂದಷ್ಟೇ ಇತ್ತು. ಪಂದ್ಯಗಳಿಗೆ ಹೋದಾಗ ಹಾಸ್ಟೆಲಿಗೆ ತಡವಾಗಿ ಬರುತ್ತಾಳೆ, ಕುಡಿಯುತ್ತಾಳೆಂಬ ಮಾತೂ ಇದೆ, ಹಿರಿಯರಿಗೆ ಎದುರು ಮಾತಾಡುತ್ತಾಳೆ. ಕೊನೆಗೆ ಒಂದು ಸಾಲು: ತಾಯಿ ನೌಕರಿಗಾಗಿ ಬೇರೆ ಊರಿನಲ್ಲಿರುವುದರಿಂದ ಮನೆಯಲ್ಲಿ ಹೇಳುವವರಿಲ್ಲ.

ಆ ಸಾಲನ್ನು ಎಷ್ಟು ಸಲ ಓದಿದೆನೋ. ಕೌಂಟರಿನಲ್ಲಿ ಕೂತಾಗಲೂ ಬಂದವರು ನನ್ನ ಮುಖ ನೋಡಿದರೆ, ಇವರೂ ಓದಿರಬಹುದೇ ಎನ್ನಿಸುತ್ತಿತ್ತು. ಫೋನನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದೆ, ಹತ್ತು ನಿಮಿಷಕ್ಕೆ ತೆಗೆಯುತ್ತಿದ್ದೆ. ಯಾರಾದರೂ ಒಬ್ಬರು ಒಳ್ಳೆಯ ಮಾತು ಬರೆದಿದ್ದಾರೆಯೇ ಎಂದು ಕಮೆಂಟುಗಳಲ್ಲಿ ಹುಡುಕುತ್ತಿದ್ದೆ. ಬರೆದಿದ್ದರು, ಒಬ್ಬಿಬ್ಬರು. ಅವರಿಗೆ ಬಿದ್ದ ಬೈಗುಳ ಓದಿ, ಬರೆಯದಿದ್ದರೇ ಚೆನ್ನಾಗಿತ್ತು ಎನ್ನಿಸುತ್ತಿತ್ತು.

ಆ ಶನಿವಾರ ನಾಶಿಕಕ್ಕೆ ಹೋದೆ. ಮಗಳು ಸ್ನಾನಕ್ಕೆ ಹೋದಾಗ ಅವಳ ಚೀಲ ತೆರೆದೆ. ಪ್ಯಾಡು, ಬೆವರಿದ ಬನಿಯನ್, ಅರ್ಧ ತಿಂದ ಶೇಂಗಾ ಚಿಕ್ಕಿ. ಜಾಕೆಟ್ಟನ್ನು ಮೂಗಿಗೆ ಹಿಡಿದು ನೋಡಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಅವಳು ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಏನ್ ಶೋಧ್ಲತ್ತಿ ಮಮ್ಮಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನೀ ಕುಡೀತೀಯೇನು?" ಎಂದು ಕೇಳಿದೆ.

"ನಾಹೀ," ಅಂದಳು. ಜಾಕೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಚಿ, ಚೀಲದಲ್ಲಿಟ್ಟು ಜಿಪ್ ಎಳೆದಳು.

ಮರುದಿನ ಭಾನುವಾರ ಒಂದು ತಂಡದ ಕಡೆಯಿಂದ ಒಬ್ಬ ಹೆಂಗಸು ಮನೆಗೆ ಬಂದರು. ಆಟ ನೋಡುವವರು ಬೇರೆ ಇರುತ್ತಾರಂತೆ. ಇವರ ಕೆಲಸ ಆಟಗಾರ್ತಿಯ ಸ್ವಭಾವ ತಿಳಿಯುವುದು. ಹತ್ತಿ ಸೀರೆ, ಕೈಯಲ್ಲೊಂದು ನೋಟುಬುಕ್ಕು. ನಾನು ಬೆಳಗಿನಿಂದ ಮನೆಯನ್ನು ಮೂರು ಸಲ ಗುಡಿಸಿದ್ದೆ. ಗಂಡ ಅಂಗಡಿ ಮುಚ್ಚಿ ಬಂದು ಇಸ್ತ್ರಿ ಶರಟು ಹಾಕಿಕೊಂಡು ಕೂತಿದ್ದರು. ಹೆಣ್ಣು ನೋಡಲು ಗಂಡಿನ ಕಡೆಯವರು ಬಂದಾಗ ಕೂಡ ಇಷ್ಟು ತಯಾರಿ ನಡೆಯುವುದಿಲ್ಲವೇನೋ.

ಆಕೆಗೂ ಮಗಳಿಗೂ ಮಾತು ಹಿಂದಿಯಲ್ಲೇ ನಡೆಯಿತು. ಓದು, ಗೆಳತಿಯರು, ಮನೆಯ ಊಟ ಎಲ್ಲ ಕೇಳಿ ಆಮೇಲೆ, "ಈ ಮನೆಯಲ್ಲಿ ನೀನು ಯಾರಿಗೆ ಹೆದರುತ್ತೀ?" ಅಂದರು.

ಅಪ್ಪನಿಗೆ ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮಗಳು ಯೋಚಿಸಿ, "ಯಾರಿಗೂ ಇಲ್ಲ. ಹೆದರೋ ಹಂಗ ಇವರು ನನ್ನ ಬೆಳೆಸಿಲ್ಲ," ಅಂದಳು.

ಹೆಂಗಸು ಬರೆದುಕೊಂಡರು. ಗ್ಲೌಸಿನ ಬಗ್ಗೆ ಕೇಳಿದಾಗ, "ಒಗೆದೆ. ಒಗೀಬಾರದಿತ್ತು. ಆದರ ಸ್ಲಿಪ್ಪು ತೆಗೆಯೋದು ತಪ್ಪಿತ್ತು," ಅಂದಳು. ಎರಡನೆಯ ಮಾತು ನುಂಗಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಆಕೆ ಹೋದ ಮೇಲೆ ನಾನು ಗಂಡನ ಮುಂದೆ ಹಲುಬಿದೆ.

"ಖರೆ ಹೇಳ್ಯಾಳ, ಬಿಡು," ಅಂದರು ಅವರು.

"ಖರೆ ಯಾರಿಗೆ ಬೇಕಾಗ್ಯದರಿ ಈಗ?"

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಬ್ಯಾಂಕಿನ ಹೊರಗೆ ಒಬ್ಬ ಮೈಕು ಹಿಡಿದುಕೊಂಡು ನಿಂತಿದ್ದ. ಅದೇ ಚಾನೆಲ್ಲಿನವನು. ನನ್ನ ಶಾಖೆ ಯಾವುದೆಂದು ಯಾರು ಹೇಳಿದರೋ. ಗಂಡ ನೂರು ಸಲ ಹೇಳಿದ್ದರು, ಯಾರ ಹತ್ತಿರವೂ ಮಾತಾಡಬೇಡ ಎಂದು. ಆದರೆ ಆತ ಬಹಳ ನಯವಾಗಿ, "ತಾಯಿಯಾಗಿ ಒಂದೇ ಮಾತು ಹೇಳಿ, ನಿಮ್ಮ ಮಗಳು ಎಂಥವಳು?" ಎಂದು ಮರಾಠಿಯಲ್ಲಿ ಕೇಳಿದ. ವಾರದಿಂದ ಹೇಳಬೇಕೆಂದಿದ್ದದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ಮಳೆಗಾಲದಲ್ಲೂ ನಸುಕಿಗೆ ಎದ್ದು ಓಡುತ್ತಾಳೆ, ಬೆರಳು ಮುರಿದಾಗಲೂ ಆಡಿದ್ದಾಳೆ ಎಂದೆಲ್ಲ ಹೇಳಿ, "ತಿಚ್ಯಾತ್ ಛಲ್ ಆಹೆ," ಅಂದೆ. ಅವಳಲ್ಲಿ ಛಲ ಇದೆ.

ಇಪ್ಪತ್ತೆರಡು ವರ್ಷ ಮರಾಠಿ ಆಡಿದವಳು ನಾನು. ಆದರೂ ಎದೆಯಿಂದ ಬಂದ ಮಾತು ತವರಿನದೇ ಆಗಿತ್ತು. ಮರಾಠಿಯಲ್ಲಿ ಛಲ್ ಎಂದರೆ ಮೋಸ, ಕಪಟ. ಸಂಜೆಗೆ ವಿಡಿಯೋ ಬಂತು. ನಸುಕಿನ ಓಟ, ಮುರಿದ ಬೆರಳು ಎಲ್ಲ ಕತ್ತರಿಸಿಹೋಗಿತ್ತು. ನನ್ನ ಮುಖ, ಆ ಮೂರು ಶಬ್ದ, ಕೆಳಗೆ ಕೆಂಪು ಪಟ್ಟಿಯಲ್ಲಿ 'ತಾಯಿಯೇ ಒಪ್ಪಿಕೊಂಡಳು'.

ನಾನು ಫೋನ್ ಮಾಡಿದೆ, ಮಗಳು ಎತ್ತಲಿಲ್ಲ. ಗಂಡ ಎತ್ತಿದರು, ಊಟ ಆತೇನು ಎಂದಷ್ಟೇ ಕೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಮರುದಿನ ಬೆಳಿಗ್ಗೆ ಮ್ಯಾನೇಜರರಿಗೆ ಹೇಳಿ ನಾಶಿಕದ ಬಸ್ಸು ಹತ್ತಿದೆ. ವೈಜಾಪುರ ದಾಟುವ ಹೊತ್ತಿಗೆ ಗಂಡನ ಫೋನ್ ಬಂತು. ಮಗಳು ಚಾಂದವಡ್‌ಗೆ ಹೋಗಿದ್ದಾಳೆ, ಆ ಉಪನಾಯಕಿಯ ಮನೆಗೆ.

"ಅಲ್ಲಿಗ್ಯಾಕರಿ?"

"ಗೊತ್ತಿಲ್ಲ. ಆಗಾಗ ಹೋಗತಾಳಂತ. ನನಗೂ ಇವತ್ತೇ ಗೊತ್ತಾತು."

ಜಗಳಕ್ಕೆ ಹೋಗಿದ್ದಾಳೆಂದೇ ನನ್ನ ತಲೆಗೆ ಹೊಳೆದದ್ದು. ಇನ್ನೊಂದು ವಿಡಿಯೋ ಬರುತ್ತದೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಯೇವಲೆಯಲ್ಲಿ ಇಳಿದು ಮನಮಾಡದ ಬಸ್ಸು ಹಿಡಿದೆ. ಅಲ್ಲಿಂದ ಇನ್ನೊಂದು. ರಸ್ತೆ ತುಂಬ ಮಂಡಿಗೆ ಹೊರಟ ಈರುಳ್ಳಿ ಟ್ರಾಕ್ಟರುಗಳು. ಒಂದೊಂದರ ಹಿಂದೆಯೂ ನಮ್ಮ ಬಸ್ಸು ತೆವಳುತ್ತಿತ್ತು. ಚಾಲಕನ ಹತ್ತಿರ ಹೋಗಿ ಸ್ವಲ್ಪ ಬೇಗ ಎಂದು ಎರಡು ಸಲ ಹೇಳಿದೆ. ಎರಡನೆಯ ಸಲ ಆತ, "ಬಾಯಿ, ಬಸಾ," ಅಂದ, ಅಮ್ಮಾ ಕೂತುಕೊಳ್ಳಿ ಎಂದು. ಹೋಗಿ ಕೂತೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಈರುಳ್ಳಿ ಕೂಡಿಡುವ ಉದ್ದನೆಯ ಬಿದಿರು ತಟ್ಟಿಯ ಚಪ್ಪರ, ಅದರ ಮಗ್ಗುಲಲ್ಲಿ ಸಗಣಿ ಸಾರಿಸಿ ಗಟ್ಟಿ ಮಾಡಿದ ಒಂದು ಪಟ್ಟಿ ನೆಲ. ಉಪನಾಯಕಿ ಚೆಂಡು ಹಾಕುತ್ತಿದ್ದಳು. ನನ್ನ ಮಗಳು ಮೂರು ಕೋಲುಗಳ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಡಿಯುತ್ತಿದ್ದಳು. ಬ್ಯಾಟು ಮಾಡುವವರು ಯಾರೂ ಇರಲಿಲ್ಲ.

ಆ ಹುಡುಗಿ ಓಡಿ ಬಂದು ನನ್ನ ಕಾಲು ಮುಟ್ಟಿದಳು. "ಕಾಕೂ, ನೀರು ಕುಡಿಯಿರಿ, ಮುಖ ಎಷ್ಟು ಬಾಡಿದೆ," ಎಂದು ಮರಾಠಿಯಲ್ಲಿ ಹೇಳಿ ತಂಬಿಗೆ ತಂದುಕೊಟ್ಟಳು. ಅವಳ ಬಾಯಿಂದಲೇ ನನಗೆ ತಿಳಿಯಿತು. ಫೈನಲ್ ಮುಗಿದ ಮರುದಿನವೇ ಮಗಳು ಇಲ್ಲಿಗೆ ಬಂದು, ಅವಳ ಅಪ್ಪ ಅಮ್ಮನ ಎದುರಿಗೆ ಕ್ಷಮೆ ಕೇಳಿದ್ದಳು. ಆಮೇಲೂ ಬರುತ್ತಿದ್ದಳು. ಈ ಹುಡುಗಿಯ ಒಳಕ್ಕೆ ತಿರುಗುವ ಚೆಂಡು ಸರಿಯಾಗಿ ಬೀಳುತ್ತಿರಲಿಲ್ಲ, ಅದನ್ನು ಇಬ್ಬರೂ ಕೂಡಿ ತಿದ್ದುತ್ತಿದ್ದರು.

ನಾನು ಮಗಳ ಕಡೆ ತಿರುಗಿದೆ. "ನನಗ್ಯಾಕ ಹೇಳಲಿಲ್ಲ?"

"ನೀ ಕೇಳಿಲ್ಲ ಮಮ್ಮಿ. ಕುಡೀತಿ ಏನು ಅಂತ ಕೇಳಿದಿ."

ತಂಬಿಗೆಯಲ್ಲಿದ್ದ ನೀರನ್ನೆಲ್ಲ ಕುಡಿದೆ. ಆಮೇಲೆ ತಡೆಯಲಾಗದೆ, ಇದನ್ನೆಲ್ಲ ಈ ಹುಡುಗಿ ಫೋನಿನಲ್ಲಿ ಹೇಳಿಬಿಡಲಿ, ನಾವೂ ವಿಡಿಯೋ ಹಾಕೋಣ ಎಂದೆ. ಹುಡುಗಿ ತಯಾರೇ ಇದ್ದಳು, ಮೊದಲೇ ಮಗಳನ್ನು ಕೇಳಿದ್ದಳಂತೆ. ಮಗಳು ಬೇಡವೆಂದು ತಲೆಯಾಡಿಸಿದಳು.

"ಮಾಫಿ ಕೇಳಿದ್ದು ಇಕೀಗಿ. ಅವರಿಗಲ್ಲ. ಅವರಿಗಿ ತೋರಿಸಿದ್ರ ತೋರಸ್ಲಿಕ್ಕೇ ಕೇಳಿದಂಗ ಆಗ್ತದ."

ಮರಳುವಾಗ ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಅವಳೇ ಕೇಳಿದಳು. "ಛಲ್ ಅಂದ್ರ ಧೋಕಾ. ನೀ ಏನ್ ಹೇಳಬೇಕಂತಿದ್ದಿ?"

ಹಿಡಿದದ್ದನ್ನು ಬಿಡದೆ ಸಾಧಿಸುವುದು, ಅದಕ್ಕೆ ನಮ್ಮಲ್ಲಿ ಛಲ ಅಂತೀವಿ ಎಂದೆ.

"ಹಂಗಾದ್ರ ಜಿದ್ದ ಅನಬೇಕಿತ್ತು."

"ನಮ್ಮ ಕಡೆ ಜಿದ್ದು ಅಂದ್ರ ಹಗೆತನ, ತಂಗಿ."

ಅವಳು ಕಿಟಕಿಯ ಕಡೆ ತಿರುಗಿ ನಗತೊಡಗಿದಳು. ನಗುತ್ತ ನಗುತ್ತ ಅವಳ ಭುಜ ಅಲುಗುತ್ತಿತ್ತು. ಅದು ಪೂರ್ತಿ ನಗುವಲ್ಲ ಎಂದು ನನಗೆ ಗೊತ್ತಾದರೂ ನಾನು ಮುಖ ನೋಡಲು ಹೋಗಲಿಲ್ಲ. ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ.

ಹರಾಜನ್ನು ಮನೆಯಲ್ಲೇ ಟಿವಿಯಲ್ಲಿ ನೋಡಿದೆವು. ಕೀಪರ್‌ಗಳ ಸರದಿ ಮೂರು ಗಂಟೆಯ ಸುಮಾರಿಗೆ ಬಂತು. ಮಗಳ ಫೋಟೋ ತೆರೆಯ ಮೇಲೆ ಬಂದಾಗ ಗಂಡ ಕೈಮುಗಿದರು. ಹರಾಜು ಕೂಗುವವರು ಹೆಸರು ಹೇಳಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮೇಜುಗಳ ಹಿಂದೆ ಕೂತವರು ತಮ್ಮ ಕಾಗದ ನೋಡುತ್ತಿದ್ದರು. ನಮ್ಮ ಮನೆಗೆ ಬಂದಿದ್ದ ಹೆಂಗಸು ಒಂದು ಮೇಜಿನ ತುದಿಯಲ್ಲಿದ್ದರು. ಪಕ್ಕದವನ ಕಿವಿಯಲ್ಲಿ ಏನೋ ಹೇಳಿದರು. ಆತ ಇಲ್ಲವೆಂದು ತಲೆಯಾಡಿಸಿದ. ಅಷ್ಟರಲ್ಲಿ ಇನ್ನೊಂದು ಫೋಟೋ ಬಂತು.

ಒಂದು ಗಂಟೆಯ ಮೇಲೆ ಚಾಂದವಡ್‌ನ ಹುಡುಗಿಯನ್ನು ಒಂದು ತಂಡ ತೆಗೆದುಕೊಂಡಿತು. ಮಗಳು ತಟ್ಟನೆ ಎದ್ದು ಫೋನ್ ಹಚ್ಚಿ, ಅಂಗಳಕ್ಕೆ ಹೋಗಿ, ಅರ್ಧ ತಾಸು ಮಾತಾಡಿದಳು. ಅವಳ ದನಿಯಲ್ಲಿ ಹೊಟ್ಟೆಕಿಚ್ಚು ಇದೆಯೇ ಎಂದು ನಾನು ಒಳಗಿನಿಂದ ಕಿವಿಗೊಟ್ಟು ಕೇಳಿದೆ. ನನಗೆ ಕೇಳಿಸಲಿಲ್ಲ. ಹೊಟ್ಟೆಕಿಚ್ಚು ನನಗಿತ್ತು.

ಒಂದು ತಿಂಗಳಾದ ಮೇಲೆ ಆ ಹೆಂಗಸು ನನಗೆ ಫೋನ್ ಮಾಡಿದರು. "ನಿಮ್ಮ ಮಗಳನ್ನು ತೆಗೆದುಕೊಳ್ಳಿ ಎಂದೇ ನಾನು ಬರೆದುಕೊಟ್ಟಿದ್ದೆ. ಅವರು ವಿಡಿಯೋ ನಂಬಿದರು," ಅಂದರು. ನನ್ನದೋ ಗ್ಲೌಸಿನದೋ ಎಂದು ಕೇಳಿದೆ. ಅವರು ಮಾತು ಬದಲಿಸಿ, ಅಭ್ಯಾಸದ ಶಿಬಿರಕ್ಕೆ ಒಬ್ಬ ಹೆಚ್ಚಿನ ಕೀಪರ್ ಬೇಕಿದ್ದಾಳೆ, ತಂಡದಲ್ಲಿ ಜಾಗವಿಲ್ಲ, ನೆಟ್ಟಿನಲ್ಲಿ ಚೆಂಡು ಹಿಡಿಯುವುದಷ್ಟೇ ಕೆಲಸ, ಬರುತ್ತಾಳೆಯೇ ಎಂದರು.

ಅವಮಾನವೆನ್ನುತ್ತಾಳೆ ಎಂದುಕೊಂಡಿದ್ದೆ. ಮಗಳು, "ಕಧೀ?" ಎಂದಷ್ಟೇ ಕೇಳಿದಳು, ಯಾವಾಗ ಎಂದು.

ಈಗ ಅವಳು ಶಿಬಿರದಲ್ಲಿದ್ದಾಳೆ. ಅಲ್ಲಿನ ಕೋಚ್ ಸ್ಲಿಪ್ಪು ಎಲ್ಲಿ ನಿಲ್ಲಿಸಬೇಕೆಂದು ಒಂದು ದಿನ ಇವಳನ್ನು ಕೇಳಿದರಂತೆ. ಏನು ಹೇಳಿದಿ ಎಂದೆ. ನನಗೆ ಕಂಡದ್ದು ಹೇಳಿದೆ ಎಂದಳು. ಅದಕ್ಕೆ ಅವರು ಏನಂದರು ಎಂದು ಕೇಳುವಷ್ಟರಲ್ಲಿ ಊಟಕ್ಕೆ ಕರೆದರೆಂದು ಫೋನ್ ಇಟ್ಟಳು. ನಾನು ಇಡೀ ಸಂಜೆ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ.