ಅಂದಾಜಿನ ತೂಕ

ಗಜೇಂದ್ರಗಡದ ದವಾಖಾನೆಯೊಂದರಲ್ಲಿ ಕೂಸುಗಳನ್ನು ತೂಗುವ ಯಂತ್ರವನ್ನು ರಿಪೇರಿ ಮಾಡುತ್ತಿದ್ದೆ. ಪಕ್ಕದ ಬೆಂಚಿನ ಮೇಲೆ ಸೂಡಿ ಎಂಬ ಊರಿನ ತುಂಬುಬಸುರಿಯೊಬ್ಬಳು ತಾಯಿಯ ಜೊತೆ ಕುಳಿತಿದ್ದಳು. ಕೂಸು ದೊಡ್ಡದಿದೆ ಎಂದು ಸ್ಕ್ಯಾನಿನಲ್ಲಿ ಹೇಳಿದ್ದರಂತೆ.

“ಉಂಡ್ರ ಕೂಸು ಇನ್ನೂ ಬೆಳದು ಆಪರೇಷನ್ ಆಗ್ತೈತಂತ ಹೆದರಿ, ಇಕಿ ಬಸುರಿಗೆ ಮಾಡೂ ಕುಬಸದ ಊಟಾನೂ ಸರಿಯಾಗಿ ಮಾಡ್ಲಿಲ್ರಿ,” ಎಂದಳು ತಾಯಿ.

ಮಗಳು ನನ್ನತ್ತ ತಿರುಗಿದಳು. “ಅಣ್ಣಾರ, ಅದು ಸ್ವಲ್ಪ ಕಡಿಮಿ ತೋರಸೂಹಂಗ ಮಾಡ್ರಿ.”

“ಇದರಾಗ ಹುಟ್ಟಿದ ಮ್ಯಾಲೆ ತೂಗ್ತಾರವ್ವಾ. ಸ್ಕ್ಯಾನಿಂದು ಬರೇ ಅಂದಾಜು.”

“ಅಂದಾಜು ತಪ್ಪಿ ಇನ್ನೂ ದೊಡ್ಡದಿದ್ರ?”

ಒಳಗಿನಿಂದ ನರ್ಸ್ ಕೂಗಿದರು: “ಉಪವಾಸ ಇದ್ರ ನಿನಗ ತ್ರಾಣ ಇರಂಗಿಲ್ಲ. ಮೊದಲ ಊಟಾ ಮಾಡು.”

ಬುತ್ತಿ ಬಿಚ್ಚಿದರು. ಹುಡುಗಿ ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದಳು. ಅಲ್ಲಿಯವರೆಗೆ ತಿನ್ನು ತಿನ್ನು ಎನ್ನುತ್ತಿದ್ದ ತಾಯಿ ಮೆಲ್ಲಗೆ ಬುತ್ತಿ ಮುಚ್ಚಿ, “ಸಾಕು ಬಿಡವ್ವಾ” ಎಂದಳು.