ವಾಸುಕಿ ಕೊಳಕ್ಕೆ ಹೊರಟ ಗಂಗವ್ವತ್ತೆ

ಗಂಗವ್ವತ್ತೆ ನಿಂತೇ ಉಣ್ಣುತ್ತಿದ್ದಳು. ಎಡಗೈಯಲ್ಲಿ ರೊಟ್ಟಿ, ಅದರ ಮೇಲೆ ಪಲ್ಯ. ಒಂದು ತುತ್ತಿಗೆ ಅಂಗಳ, ಇನ್ನೊಂದು ತುತ್ತಿಗೆ ಹಿತ್ತಲು. "ಕುಂದರ್ರಿ ಅತ್ತಿ" ಎಂದರೆ, "ಕುಂತು ಉಣ್ಣೂದು ಬ್ಯಾನ್ಯಾಗ ಬಿದ್ದವರ ಕೆಲಸ" ಎನ್ನುವಳು. ಖಾನಾಪುರ ಸ್ಟೇಶನ್ನಿಗೆ ಗಾಡಿ ಬರುವ ಹೊತ್ತಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ, ಇಳಿದವರ ಮುಖಗಳನ್ನೆಲ್ಲ ನೋಡಿ ಬರುವಳು. ಒಮ್ಮೊಮ್ಮೆ ಹಾಗೆ ಹೋದವಳು ಗಾಡಿ ಹತ್ತಿ ಬೆಳಗಾವಿಯ ನಮ್ಮ ಮನೆಗೇ ಬಂದು, ಅವ್ವ ಚಹ ಸೋಸುವುದರೊಳಗೆ ಎದ್ದು ಹೊರಟುಬಿಡುತ್ತಿದ್ದಳು. ಆಮೇಲೆ ದಿನವಿಡೀ ನಮಗೂ ಒಂದು ಕಡೆ ಕೂಡಲಾಗುತ್ತಿರಲಿಲ್ಲ.

ಕಾರಣ ಊರಿಗೇ ಗೊತ್ತಿತ್ತು. ಆಕೆಯ ಗಂಡ ಶಿವಪ್ಪ ಮಾಮ ಕೇದಾರಯಾತ್ರೆಗೆ ಹೋದವನು ತಿರುಗಿ ಬಂದಿರಲಿಲ್ಲ. ಜೊತೆಗೆ ಹೋದವರು ಹೇಳಿದ್ದಿಷ್ಟು: ಕೇದಾರದ ಮೇಲಿನ ವಾಸುಕಿ ಕೊಳ ನೋಡಿಬರುತ್ತೇನೆಂದು ಹತ್ತಿದ, ಮಂಜು ಕವಿಯಿತು, ಮೂರು ದಿನ ಕಾದೆವು. ಹನ್ನೆರಡು ವರ್ಷ ತುಂಬಿದರೆ ಅಂಥವನನ್ನು ಸತ್ತನೆಂದೇ ಎಣಿಸಿ ಹೆಂಡತಿಯ ಬಳೆ ಒಡೆಯುವುದು ನಮ್ಮಲ್ಲಿ ರೂಢಿ. ಹನ್ನೊಂದು ಮುಗಿದಿತ್ತು. ಆಗ ಕೇದಾರದಿಂದ ಬಂದ ಜಂಗಮರೊಬ್ಬರು, ಆ ಕೊಳದ ದಂಡೆಯ ಗವಿಯಲ್ಲಿ ದಕ್ಷಿಣ ಸೀಮೆಯ ಸಾಧುವೊಬ್ಬನಿದ್ದಾನೆ ಎಂದರು.

ಅತ್ತೆ ಮರುದಿನವೇ ಬೆಳಗಾವಿಗೆ ಬಂದಳು. "ಈರಣ್ಣಾ, ನಿನ್ನ ಸಾಲಿ ಸೂಟಿ ಯಾವಾಗೋ?"

"ಯಾಕತ್ತಿ?"

"ಕೊಳಕ್ಕ ಹೋಗೂಣು. ಅಂವ ಇದ್ದರ ಅದಾನ ಅಂತ ಹೇಳ್ತೀನಿ, ಇಲ್ಲಂದ್ರ ಇಲ್ಲ. ಮಂದಿ ನನ್ನ ಕೈಯಾಗಿನ ಬಳಿ ನೋಡಿ ಪಿಸಿಪಿಸಿ ಅನ್ನೂದು ಸಾಕಾಗೇತಿ."

ನಾನಾಗ ಇಪ್ಪತ್ತೈದರ ಮಾಸ್ತರ. ಖಾನಾಪುರದ ಗುಡ್ಡಗಳನ್ನು ಬಿಟ್ಟರೆ ಬೇರೆ ಗುಡ್ಡ ಕಂಡವನಲ್ಲ. ಬೇಸಿಗೆ ಸೂಟಿಗೆ ಹೊರಟೆವು. ಹರಿದ್ವಾರದವರೆಗೆ ರೈಲು, ಅಲ್ಲಿಂದ ಹದಿನೈದು ದಿನ ಕಾಲ್ನಡಿಗೆ. ನನ್ನ ಬೆನ್ನಿಗೆ ಕಂಬಳಿ, ಕಂಬಳಿಯೊಳಗೆ ಖಡಕ್ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ. ಅತ್ತೆ ಮುಂದೆ, ನಾನು ಹಿಂದೆ. ಐವತ್ತು ದಾಟಿದ ಹೆಂಗಸಿನ ಹಿಂದೆ ಏದುಸಿರು ಬಿಡುತ್ತ ನಡೆಯುವುದು ನನಗಂತೂ ನಾಚಿಕೆಯ ವಿಷಯವಾಗಿತ್ತು.

ಕೇದಾರದಿಂದ ಕೊಳಕ್ಕೆ ಎರಡು ಹರದಾರಿ ಏರು. ಹೊರಡುವಾಗ ಅತ್ತೆ ಹರಕೆ ಹೊತ್ತಳು: ಇವತ್ತಿನ ಲಿಂಗಪೂಜೆ ಆ ಕೊಳದ ನೀರಿನಲ್ಲೇ. ಪೂಜೆಯಾಗದೆ ಆಕೆ ಹನಿ ನೀರೂ ಮುಟ್ಟುವವಳಲ್ಲ. ನಾನೂ ಜಂಬಕ್ಕೆ "ನಂದೂ ಅಷ್ಟ" ಎಂದುಬಿಟ್ಟೆ. ಮೇಲೆ ಹೋದಂತೆ ಬೆನ್ನಿನ ಮೇಲಿನ ಹಿಂಡಿಯ ವಾಸನೆ ಮೂಗಿಗೆ ಬಡಿದು, ನನ್ನ ಜಂಬಕ್ಕೆ ನಾನೇ ಬೈದುಕೊಂಡೆ. ಬೆಳಗಿನ ಬಿಸಿಲು ನೋಡುನೋಡುತ್ತಿದ್ದಂತೆ ಮೋಡವಾಯಿತು, ಮೋಡ ಮಳೆಯಾಯಿತು, ಮತ್ತೆ ಬಿಸಿಲು. ದಾರಿ ತೋರಲು ಬಂದ ಗುಡ್ಡದ ಆಳು ಆಕಾಶ ನೋಡಿ ತಲೆಯಾಡಿಸಿದ. ಅತ್ತೆ ಅವನ ಕಡೆ ನೋಡಲೇ ಇಲ್ಲ.

ಏರಿನ ನೆತ್ತಿಗೆ ಬರುವಷ್ಟರಲ್ಲಿ ಆಲಿಕಲ್ಲು ಸುರಿಯಿತು. ಅತ್ತೆ ಸೆರಗನ್ನು ಮುಖಕ್ಕೆಳೆದುಕೊಂಡು ಬಂಡೆಗೆ ಒರಗಿದಳು. ಅಷ್ಟರಲ್ಲಿ ಮಂಜು ಒಂದು ಗಳಿಗೆ ಸರಿಯಿತು. ಕೆಳಗೆ ನೀಲಿ ನೀರು, ದಂಡೆಯ ಮೇಲೆ ಗವಿ, ಗವಿಯ ಬಾಯಲ್ಲಿ ಹೊಗೆ. ಕಂಡದ್ದು ಅಷ್ಟೇ, ಮತ್ತೆ ಮುಚ್ಚಿತು. ಹಸಿವು, ಚಳಿ, ಕೊಳಕ್ಕೆ ಇಳಿದರೆ ಮತ್ತೆ ಹತ್ತಲಾರೆನೆಂಬ ಭಯ. ನಾನು ಎದೆ ಹಿಡಿದು ಕುಸಿದೆ.

"ಅತ್ತಿ, ಉಸರ ಸಿಗವಲ್ದು. ಇನ್ನ ನನ್ನ ಕೈಲೆ ಆಗೂದಿಲ್ಲ."

ಅದು ಸುಳ್ಳು. ಅತ್ತೆ ನನ್ನನ್ನೇ ನೋಡಿದಳು. ಬೊಗಸೆಯಲ್ಲಿ ಆಲಿಕಲ್ಲು ಕರಗಿಸಿ ಅಲ್ಲಿಯೇ ಲಿಂಗಪೂಜೆ ಮಾಡಿಕೊಂಡು, ನನ್ನಿಂದಲೂ ಮಾಡಿಸಿ, ರೊಟ್ಟಿ ಮುರಿದು ನನ್ನ ಬಾಯಿಗಿಟ್ಟಳು. "ನಡಿ, ಹೊಳ್ಳಿ ಹೋಗೂಣು" ಎಂದಳು.

ಊರಿನ ಹಿರಿಯರಿಗೆ "ಮಂಜ ಬಿತ್ತು, ಕಾಣಲಿಲ್ರೀ" ಎಂದು ಹೇಳಿದಳು. ಗವಿಯ ಸಾಧು ಯಾರೆಂದು ನೋಡಿದವರಿಲ್ಲದೆ ಸತ್ತನೆನ್ನುವುದು ಹೇಗೆಂದು, ಹನ್ನೆರಡು ತುಂಬಿದರೂ ಅವರು ಬಳೆಯ ಮಾತೆತ್ತಲಿಲ್ಲ. ಆಮೇಲೆ ಆಕೆ ಸ್ಟೇಶನ್ನಿಗೆ ಹೋಗುವುದನ್ನೇ ಬಿಟ್ಟಳು. ಆಸೆ ಬಿಟ್ಟಳು, ಬಿಡಿಸಿದವನು ನಾನು ಎಂದು ನಾನು ತಿಳಿದೆ. ಮುಂದೆ ಮೂರು ವರ್ಷ ಚಡಪಡಿಸಿದವನು ನಾನೇ. ಪಾಠ ಹೇಳುವಾಗಲೂ ಆ ಹೊಗೆ ಕಣ್ಣಮುಂದೆ ಬರುತ್ತಿತ್ತು.

ಕಡೆಗೆ ಒಂದು ಭಾನುವಾರ ಖಾನಾಪುರಕ್ಕೆ ಹೋದೆ. ಅದೇ ನಮ್ಮ ಕೊನೆಯ ಭೇಟಿ. ತಿಂಗಳೊಳಗೆ ಆಕೆ ತೀರಿಕೊಂಡಳು. ಅವತ್ತು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾನು ಎಲ್ಲ ಹೇಳಿಬಿಟ್ಟೆ: ಉಸಿರಿನ ಸುಳ್ಳು, ಗವಿ, ಹೊಗೆ. ಹೇಳುವಾಗ ಅಳುವೇ ಬಂತು.

ಅತ್ತೆಯ ಕೈ ನಿಲ್ಲಲಿಲ್ಲ.

"ಹೊಗಿ ನಾನೂ ನೋಡೀನಿ, ತಮ್ಮಾ. ಸೆರಗಿನ ಸಂದ್ಯಾಗಿಂದ. ಇಳದು ಹೋಗಿದ್ರ, ಅಂವ ಅಲ್ಲಂದ್ರ ಬಳಿ ಒಡೀಬೇಕಿತ್ತು. ಅಂವನ ಆಗಿದ್ರ ನನ್ನ ಬಿಟ್ಟಾಂವ ಅಂತ ತಿಳೀಬೇಕಿತ್ತು. ನೀ ಉಸರಿಲ್ಲ ಅಂದಿ. ಭಾಳ ಚಲೋ ಆತು ಅನಸ್ತು ನನಗ. ಆ ಥಂಡ್ಯಾಗ ಯಾರೋ ಬಿಸಿ ಉಣ್ಣಾಕತ್ಯಾರ ಅಂದ್ಕೊಂಡು ಹೊಳ್ಳಿ ಬಂದೆ."